ಬಾವಿಗೆ ಸುರುವಿದ ಟ್ಯಾಂಕರ್ ನೀರು

ದುಬಲಗುಂಡಿ
ತಾ. 18-3-2003

ನನ್ನ ಮಗಳು ಆಮ್ರಪಾಲಿಗೆ ನಿನ್ನ ಅವ್ವ ದ್ರೌಪತಿಯ ಜೈಭೀಮ. ಅಳಿಯಂದಿರು ಸಂಘರತ್ನ ಅವರಿಗೂ ತಿಳಿಸು. ಎದಿ ಹಾಲು ಸಾಲದ ಕೂಸಿಗೆ ಬಾಟ್ಲಿ ಹಾಲು ಹಚ್ಚೀದಿ ಅಂತ ಬರದಿದ್ದಿ, ಅವತ್ತಿನಿಂದ ನನಗ ನಿದ್ದಿ ಸರಿ ಇಲ್ಲ. ನಾಲ್ಕನೇತ್ತೆಗೆ ಸಾಲಿ ಬಿಟ್ಟಾಕಿ ನಾನು, ಬರದದ್ದು ಅಡ್ಡತಿಡ್ಡ ಇದ್ದರ ಕೂಡಿಸಿಕೊಂಡು ಓದು.

ಮೊದಲ ಹೇಳಬೇಕಾದ್ದು ಮೊದಲ ಹೇಳತೀನಿ. ತಿಪ್ಪಿ ಹೊಲದ ಹೊಸಾ ಕಾಲೋನಿಯೊಳಗ ಸರಕಾರದವರು ನಿನಗ ಕೊಡೂ ಮನೀಗೆ ಸಹಿ ಮಾಡಬ್ಯಾಡ. ಸಾಮಾನು ಕಟ್ಟಿದ್ದರ ಬಿಚ್ಚು. ಸಿಟ್ಟಾಗಬ್ಯಾಡ, ಪೂರಾ ಓದು.

ಆ ಹೊಲದಾಗ ಊರ ಮಂದಿ ತಲಿತಲಾಂತರದಿಂದ ಸಗಣಿ ಸುರದಾರ. ಅದಕ್ಕ ಮನಿ ಕಟ್ಟೂಕಿನ ಮೊದಲು ಪರೀಕ್ಷೆ ಆಗಬೇಕಂತ ಹುಮನಾಬಾದಿನಿಂದ ಅನುರಾಧಾ ಅಂತ ಒಬ್ಬ ಮೇಡಂ ಬಂದರು. ಗಿರಮಿಟ್ಟಿನಂಥ ಉದ್ದ ಕಬ್ಬಿಣ ನೆಲಕ್ಕ ತಿರುವಿ ಮ್ಯಾಲಿನ ಮಣ್ಣು, ಆಳದ ಮಣ್ಣು ಬ್ಯಾರೆ ಬ್ಯಾರೆ ಚೀಲಕ್ಕ ತುಂಬಿದರು. ಕಾಲೋನಿ ಮಂದಿ ಕುಡೀಬೇಕಾದ ಹೊಲದ ಬಾವಿ ನೀರೂ ತಗೊಂಡರು. ಸಗಣಿ ಕೊಳತು ನೈಟ್ರೇಟ್ ಅಂತ ಒಂದು ಉಪ್ಪು ಆಗ್ತದಂತ, ಮಳಿ ನೀರಿನ ಕೂಡ ಇಳಿದು ಬಾವಿ ಸೇರತದಂತ. ಬಣ್ಣ ಇಲ್ಲ, ವಾಸನಿ ಇಲ್ಲ. ಕುದಿಸಿದರ ಹೋಗೂದಿಲ್ಲೇನ್ರಿ ಅಂತ ಕೇಳಿದೆ. ಇಲ್ಲ ಅಮ್ಮಾ, ಇನ್ನೂ ಗಟ್ಟಿ ಆಗ್ತದ ಅಂದರು. ದೊಡ್ಡವರು ಹ್ಯಾಂಗರೆ ತಾಳತಾರ, ಆ ನೀರಿನ ಬಾಟ್ಲಿ ಹಾಲು ಕುಡಿಯೂ ಎಳೀ ಕೂಸಿನ ಮೈ ನೀಲಿಗಟ್ಟತದ, ಜೀವಕ್ಕ ಕುತ್ತು ಬರ್ತದ ಅಂದರು.

ರಿಪೋರ್ಟ್ ಬಂತು. ಮಣ್ಣಿನ್ಯಾಗ ಭಾಳ ಅದ, ನೀರು ಮಾತ್ರ ಚೊಕ್ಕ. ಮಂದಿ ಪೇಢಾ ಹಂಚಿದರು. ನಾ ಬಾಯಾಗ ಹಾಕಲಿಲ್ಲ. ಯಾಕಂದರ ಆ ನೀರು ನಮ್ಮ ಬಾವೀದ ಅಲ್ಲ.

ಬೀಗರು ಬರ್ತಾರಂದರ ನಮ್ಮ ಕಡೆ ಹಿಂದಿನ ದಿನ ಅಂಗಳ ಸಾರಸೂದು, ಕೊಡ ಬೆಳಗಿ ತುಂಬಿಡೂದು ನಿನಗ ಗೊತ್ತ ಅದ. ಮೇಡಂ ಬರ್ತಾರಂದಾಗೂ ಹಂಗ ಆತು. ನಿಮ್ಮಪ್ಪ ಪಂಚರನ್ನ ಕೂಡಿಸಿ, ಖರೇ ಅಂದ್ರ ಬಂದವರ ಕಣ್ಣಿಗೆ ಬಾವಿ ತಳ ಬೀಳಬಾರದು, ಊರ ಮರ್ಯಾದಿ ಹೋಗ್ತದ ಅಂದರು. ತುಳಜಾರಾಮನ ಟ್ಯಾಂಕರ್ ತರಿಸಿ ಬ್ಯಾರೆ ಕಡೆ ಬೋರಿನ ನೀರು ಬಾವಿ ತುಂಬ ಸುರುವಿಸಿದರು. ಯಾರ ಮನಸಿನ್ಯಾಗೂ ಮೋಸ ಇರಲಿಲ್ಲ. ಬಾವಿ ಕಟ್ಟಿ ತೊಳದು ರಂಗೋಲಿ ಹಾಕಿದಾಕಿ ನಾನ.

ಇದನ್ನ ಮೇಡಂಗ ತಿಳಸೂಣು ಅಂದರ ನಿಮ್ಮಪ್ಪ, ಖರೇ ಅಂದ್ರ ನಿನಗ ಅಂಜಿಕಿ ಬಿಟ್ಟರ ಬ್ಯಾರೆ ದಂಧೆ ಇಲ್ಲ, ಬಂದ ಕಾಲೋನಿ ಹೊಳ್ಳಿ ಹೋಗ್ತದ, ಬಾಯಿ ಮುಚ್ಚು ಅಂದರು. ಸುಳ್ಳಲ್ಲ, ಹಲ್ಲಿ ಲೊಚಗುಟ್ಟಿದರ ಬಸ್ ಬಿಡಾಕಿ ನಾನು. ಆದರ ಕೂಸಿನ ಮಾತು, ಸುಮ್ಮನ ಕೂಡೂದು ಆಗಲಿಲ್ಲ. ಹುಮನಾಬಾದಿನ ಗೆಳತಿ ರಹೀಮಾನ ಮಗಳಿಗೆ ಕೂಸು ಆಗ್ಯದ, ನೋಡಿ ಬರ್ತೀನಿ ಅಂತ ನಿಮ್ಮಪ್ಪಗ ಹೇಳಿ ಹುಮನಾಬಾದ್ ಬಸ್ ಹತ್ತಿದೆ. ಮೇಡಂ ಮುಂದ ಎಲ್ಲಾ ಹೇಳಿದೆ. ಅವರು ಬೈಲಿಲ್ಲ. ಮತ್ತ ಬರ್ತೀನಿ, ಈ ಸಲ ಮರ್ಯಾದಿ ಮಾಡಬ್ಯಾಡ್ರಿ ಅಂತ ನಕ್ಕರು.

ಅವರು ಬರೂ ದಿನ ನಸುಕಿನ್ಯಾಗ ಹೋಗಿ ಬಾವಿ ಕಟ್ಟಿ ಮ್ಯಾಲ ಕುಂತೆ. ಟ್ಯಾಂಕರ್ ಬಂದರ ನನ್ನ ತಲಿ ಮ್ಯಾಲ ಸುರುವಪ್ಪಾ ಅನ್ನಬೇಕಂತ ಮಾಡಿದ್ದೆ. ಬರಲೇ ಇಲ್ಲ. ಮೇಡಂ ಇಂಜಿನ್ ಹಚ್ಚಿ ಇದ್ದ ನೀರು ಹೊರಗ ಹಾಕಿಸಿ, ಸೆಲಿಯಿಂದ ಬಂದ ಹೊಸಾ ನೀರು ತುಂಬಿಕೊಂಡರು. ನಿನ್ನಿ ತಿಳೀತು. ಆ ನೈಟ್ರೇಟ್ ಲೀಟರಿಗೆ ನಲವತ್ತೈದು ಮಿಲಿಗ್ರಾಮಿನ ಒಳಗ ಇರಬೇಕಾದ್ದು ನೂರಾ ಮೂವತ್ತು ಅದ.

ಈಗ ಕಾಲೋನಿಗೆ ಬ್ಯಾರೆ ಜಾಗ ಹುಡುಕಬೇಕು. ನಮ್ಮ ಓಣಿ ಕೇಶರಬಾಯಿ ನನ್ನ ಕಂಡರ, ಬಂದಳು ನೋಡ್ರಿ ಕಾಲೋನಿ ನುಂಗಿದಾಕಿ ಅನ್ನಾಕತ್ತಾಳ. ಅನ್ನಲಿ. ನೀ ಬಾಜೂಕ ಬರ್ತಿ ಅಂತ ನಾನೂ ತೊಟ್ಟಲಕ್ಕ ಹಗ್ಗ ಹೊಸದಿಟ್ಟೀನಿ. ಅದನ್ನ ಬಿಚ್ಚೂದಿಲ್ಲ. ಚಲೋ ನೀರಿನ ಜಾಗಾದಾಗ ಮನಿ ಆಗೂತನಕ ಬಿಡಾಕಿ ಅಲ್ಲ ನಾನು. ಅಲ್ಲೀತನಕ ಬಸವಕಲ್ಯಾಣದ ಬಾಡಿಗಿ ಖೋಲ್ಯಾಗ ತಡಕೋ ತಾಯಿ.

ನಿನ್ನ ಅವ್ವ,
ದ್ರೌಪತಿ

ತಾ.ಕ.: ಮೇಡಂ ಹೋಗೂ ಮುಂದ ಒಂದು ಮಾತು ಹೇಳಿದರು. ನಾ ಅವರ ಆಫೀಸಿಗೆ ಹೋಗೂಕಿನ ಮೊದಲ ಯಾರೋ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಬಾವಿಗೆ ಟ್ಯಾಂಕರ್ ಹಾಕೀವ್ರಿ, ಮತ್ತೊಮ್ಮೆ ಬಂದು ನೋಡ್ರಿ, ನಮ್ಮ ಮನ್ಯಾಗ ಎಳೀ ಕೂಸು ಅದ ಅಂದಿದ್ದರಂತ. ಹೆಸರು ಹೇಳಲಿಲ್ಲಂತ. ಮಾತಿಗೊಮ್ಮೆ ಖರೇ ಅಂದ್ರ, ಖರೇ ಅಂದ್ರ ಅಂತಿದ್ದರಂತ. ನಿಮ್ಮಪ್ಪ ಇನ್ನೂ ನನ್ನ ಮ್ಯಾಲ ಮಾರಿ ಗಂಟು ಹಾಕ್ಕೊಂಡ ಅಡ್ಡಾಡತಾರ. ನಾನೂ ಏನೂ ಗೊತ್ತಿಲ್ಲದಂಗ ರೊಟ್ಟಿ ಬಡದು ಹಾಕಾಕತ್ತೀನಿ. ನೀನೂ ಏನೂ ಕೇಳಬ್ಯಾಡ.