ಕಲ್ಲು ನೀರು ಕುಡಿಯುವ ಸದ್ದು

ಒಲವಿನ ಜರಡಿಗೆ,

ನಿನ್ನ ರಾಜೀನಾಮೆಯ ಹಿಂಬದಿಯಲ್ಲೇ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಎರಡೇ ಸಾಲು ಬರೆದು ಅಷ್ಟು ದೊಡ್ಡ ಹಾಳೆಯನ್ನು ಖಾಲಿ ಬಿಟ್ಟು ಹೋಗಿದ್ದೀಯೆ. ಒಡೆದ ಗೋಡೆಯ ಒಂದು ಚೂರನ್ನೂ ಬಿಸಾಡಬಾರದೆಂದು ಆರು ತಿಂಗಳು ನನ್ನೊಡನೆ ವಾದಿಸಿದವಳು ನೀನೇ ಅಲ್ಲವೆ? ಹಾಳೆ ಸಾಲದಿದ್ದರೆ ಹಳೆಯ ಪರೀಕ್ಷಾ ವರದಿಗಳ ಬೆನ್ನು ಹೇಗೂ ಇದೆ.

ಈಗ ಮಧ್ಯಾಹ್ನ ಮೂರು ಗಂಟೆ. ನಮ್ಮ ಕಾಂಕ್ರೀಟ್ ಪ್ರಯೋಗಾಲಯದ ಪಡುವಣ ಕಿಟಕಿಯಿಂದ ಬಂದ ಬಿಸಿಲು, ಕಾಂಕ್ರೀಟನ್ನು ನೆನೆಹಾಕಿ ಬಲಿಸುವ ಕ್ಯೂರಿಂಗ್ ತೊಟ್ಟಿಯ ನೀರಿಗೆ ಬಿದ್ದು, ಅಲ್ಲಿಂದ ಚಾವಣಿಗೆ ಹಾರಿ, ತೆಳುವಾದ ಬಟ್ಟೆಯಂತೆ ನಡುಗುತ್ತಿದೆ. ನೀನು ಕೆಲಸಕ್ಕೆ ಸೇರಿದ ದಿನವೂ ಹೀಗೇ ಇತ್ತು. ಜರಡಿಯ ಯಂತ್ರ ಕೆಟ್ಟಿತ್ತು. ಯಾರೂ ಹೇಳದೆಯೇ ನೀನು ಕೈಯಲ್ಲಿ ಜರಡಿ ಹಿಡಿದು ಸಂಜೆಯವರೆಗೂ ಜಲ್ಲಿಯನ್ನು ಸೋಸಿದೆ. ಹುಬ್ಬಿನವರೆಗೂ ಬಿಳಿ ಧೂಳು. ಕಾಂಕ್ರೀಟ್ ಮಿಕ್ಸರ್ ನಡೆಸುವ ಬಾಂಡ್ಲಿ ಮಾವ ಬಾಗಿಲಲ್ಲೇ ನಿಂತು, “ಏನಮ್ಮಾ ಜರಡಿ, ಹಿಟ್ಟಿನ ಗಿರಣಿಗೆ ಹೋಗೋಳು ದಾರಿ ತಪ್ಪಿ ಇಲ್ಲಿಗೆ ಬಂದ್ಯಾ?” ಎಂದು ನಕ್ಕ. ಆ ಹೆಸರು ನಿನಗೆ ಅಂಟಿಕೊಂಡಿತು. ನಾನು ನಗಲಿಲ್ಲ. ಈ ಹುಡುಗಿಗೆ ನನಗೆ ತಿಳಿದದ್ದನ್ನೆಲ್ಲ ಕೊಟ್ಟು ಹೋಗಬೇಕು ಎಂದುಕೊಂಡೆ. ನಿನಗೆ ತಿಳಿದದ್ದನ್ನು ತೆಗೆದುಕೊಳ್ಳುವ ಯೋಚನೆ ಮಾತ್ರ ಅಂದು ನನಗೆ ಹೊಳೆಯಲಿಲ್ಲ.

ನೀನು ಹೋಗಿ ಒಂದು ತಿಂಗಳಾಗುತ್ತ ಬಂತು. ಅಕ್ಕನ ಮನೆಯಲ್ಲಿ ಕುಳಿತು, ಮೇಷ್ಟ್ರು ಒಂದು ಮಾತನ್ನೂ ಆಡಲಿಲ್ಲವೆಂದು ನೊಂದಿರುತ್ತೀಯೆ. ಅಂದು ಶಾಲೆಯ ಸಮಿತಿಯ ಸಭೆಯಲ್ಲೂ ನಾನು ಮಾತಾಡಲಿಲ್ಲ. ಮಾತಾಡಬೇಕಾದ್ದನ್ನು ಇಲ್ಲಿ ಬರೆಯುತ್ತೇನೆ.

ಊರ ಶಾಲೆಯ ಹಳೆಯ ಕಟ್ಟಡವನ್ನು ಕೆಡವಿ, ಅದರ ಕಾಂಕ್ರೀಟನ್ನೇ ಪುಡಿಮಾಡಿ ಜಲ್ಲಿಯಾಗಿಸಿ, ಹೊಸ ಶಾಲೆಯ ನೆಲಕ್ಕೆ ಬಳಸೋಣವೆಂದು ನೀನು ಹೇಳಿದಾಗ ನಾನು ಒಪ್ಪಿದ್ದು ಅರ್ಧ ಮನಸ್ಸಿನಿಂದ. ನೀನು ಕಾರಣ ಕೇಳಿದೆ. ನಾನು “ನೋಡೋಣಮ್ಮ” ಎಂದು ತೇಲಿಸಿಬಿಟ್ಟೆ. ಕಾರಣ ಇದು: ಆ ಶಾಲೆಯ ತಾರಸಿ ನನ್ನ ಮೊದಲ ಕೆಲಸ. ಆಗ ನನಗೆ ನಿನ್ನ ಈಗಿನ ವಯಸ್ಸಿಗಿಂತ ಒಂದು ವರ್ಷ ಕಡಿಮೆ. ಒಂದೊಂದು ಬುಟ್ಟಿ ಜಲ್ಲಿಯನ್ನೂ ಕೈಯಾರೆ ನೋಡಿ ಒಳಗೆ ಬಿಟ್ಟಿದ್ದೆ. ತಾರಸಿ ಹಾಕಿದ ಮರುದಿನದಿಂದ ಎರಡು ವಾರ ದಿನವೂ ಮೇಲೆ ಹತ್ತಿ ನೀರು ನಿಲ್ಲಿಸಿ, ಅದರಲ್ಲಿ ಮೋಡಗಳು ಹಾದುಹೋಗುವುದನ್ನು ನೋಡುತ್ತ ಕೂರುತ್ತಿದ್ದೆ. ಆ ಚಾವಣಿಯ ಕೆಳಗೆ ಎಷ್ಟೋ ಮಕ್ಕಳು ಮಗ್ಗಿ ಹೇಳಿ ದೊಡ್ಡವರಾದರು. ಅದನ್ನು ಕೆಡವುವಾಗ ನಾನು ಬೆನ್ನುನೋವೆಂದು ರಜೆ ಹಾಕಿದ್ದು ನಿನಗೆ ನೆನಪಿರಬಹುದು. ಬೆನ್ನು ನೆಟ್ಟಗೇ ಇತ್ತು.

ಅದನ್ನು ಪುಡಿಮಾಡಿಸಿದ ಮೇಲೆ ನೀನು ಒಂದು ತಟ್ಟೆಯ ತುಂಬ ಆ ಜಲ್ಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟೆ. ಕೆಲವು ಚೂರುಗಳಲ್ಲಿ ತರಗತಿಯ ನೀಲಿ ಬಣ್ಣ ಇನ್ನೂ ಅಂಟಿಕೊಂಡಿತ್ತು. “ನೋಡಿ ಮೇಷ್ಟ್ರೇ, ಒಳಗೆ ಹಳೇ ಕಲ್ಲು ಗಟ್ಟಿಯಾಗೇ ಇದೆ. ಮೈಗೆ ಅಂಟಿರೋ ಗಾರೆ ಮಾತ್ರ ಸ್ಪಂಜಿನ ಥರ. ಹೊಸ ಜಲ್ಲಿಗಿಂತ ಎಷ್ಟೋ ಪಟ್ಟು ನೀರು ಕುಡಿಯತ್ತೆ. ಒಂದು ದಿನ ನೆನೆಸಿ, ತಣಿಸಿ, ಆಮೇಲೆ ಕಲಸೋಣ” ಎಂದೆ. ಅಂಕಿಗಳ ಹಾಳೆಯನ್ನೂ ಮುಂದಿಟ್ಟೆ. ನಾನು ಹಾಳೆಯನ್ನು ನೋಡಲಿಲ್ಲ. ತಟ್ಟೆಯನ್ನಂತೂ ನೋಡಲಾಗಲಿಲ್ಲ. ಗೋಡೆಯ ಮೇಲೆ ನಾನೇ ಬರೆಸಿ ಹಾಕಿರುವ ‘ಒಣಗಿದ ಕಲ್ಲು, ಅಳೆದ ನೀರು’ ಎಂಬ ಸಾಲನ್ನು ತೋರಿಸಿ, “ಇಷ್ಟು ವರ್ಷ ಇದೇ ನಡೆದಿದೆ. ಬಿಸಿಲಲ್ಲಿ ಹರಡಿ ಒಣಗಿಸು” ಎಂದೆ. ನೀರಿನ ಲೆಕ್ಕ ತಪ್ಪದಿರಲೆಂದು ಕ್ವಾರಿಯ ಕಲ್ಲಿಗೆ ನಾನು ಮಾಡಿಕೊಂಡ ನಿಯಮ ಅದು. ಕ್ವಾರಿಯ ಕಲ್ಲು ನೀರನ್ನು ಹೆಚ್ಚು ಹೀರುವುದಿಲ್ಲ. ಅದನ್ನೇ ಒಂದು ಜನ್ಮ ಮುಗಿಸಿ ಬಂದ ಕಲ್ಲಿನ ಮೇಲೂ ಹೇರಿದೆ. ನೀನು ಎರಡು ದಿನ ಅಂಗಳದ ಉರಿಬಿಸಿಲಲ್ಲಿ ಜಲ್ಲಿಯನ್ನು ಹರಡಿ, ಕೆದಕಿ, ಮತ್ತೆ ಹರಡಿದೆ.

ಹೊಸ ಶಾಲೆಯ ಜಗಲಿಗೆ ಪರೀಕ್ಷೆಗೆಂದು ಕಾಂಕ್ರೀಟ್ ಹಾಕಿದ ದಿನ ನಡೆದದ್ದನ್ನು ನೀನು ಬಲ್ಲೆ. ಅಳೆದು ಹಾಕಿದ ನೀರನ್ನೆಲ್ಲ ಜಲ್ಲಿಯೇ ಹೀರಿಕೊಂಡಿತು. ಮಿಕ್ಸರಿನಲ್ಲೇ ಮಾಲು ಬಿಗಿಯಾಗತೊಡಗಿತು. ಬಾಂಡ್ಲಿ ಮಾವ, “ಏನ್ ಮೇಷ್ಟ್ರೇ, ಈ ಜಲ್ಲಿಗೆ ಹಳೇ ಮನೇಲಿ ಯಾರೂ ನೀರೇ ಕೊಟ್ಟಿರ್ಲಿಲ್ವಾ? ಗಟಗಟ ಕುಡೀತಾ ಇದ್ಯಲ್ಲ!” ಎನ್ನುತ್ತ ಪೈಪು ಎಳೆದು ತಂದ. “ಮಾವಾ ಬೇಡ, ಹಾಕ್ಬೇಡಿ!” ಎಂದು ನೀನು ಕೂಗುವಷ್ಟರಲ್ಲಿ ನೀರು ಒಳಗೆ ಬಿದ್ದಾಗಿತ್ತು. ಲೆಕ್ಕ ಮೀರಿದ ಆ ನೀರೇ ಕಾಂಕ್ರೀಟಿನ ಬಲವನ್ನು ತಿಂದಿತು. ವಾರ ಕಳೆಯುವುದರೊಳಗೆ ಜಗಲಿಯ ಮೇಲೆ ಜೇಡರ ಬಲೆಯಂಥ ಬಿರುಕು. ಕಾಂಕ್ರೀಟ್ ಪೂರ್ತಿ ಬಲಿಯಬೇಕಾದ ಇಪ್ಪತ್ತೆಂಟನೆಯ ದಿನ, ಅದೇ ಮಾಲಿನಿಂದ ಮಾಡಿ ಯಂತ್ರದಲ್ಲಿಟ್ಟು ಒತ್ತಿದ ಪರೀಕ್ಷೆಯ ಕ್ಯೂಬುಗಳು ಬೇಕಾದ ಬಲಕ್ಕಿಂತ ಬಹಳ ಮೊದಲೇ ಪುಡಿಯಾದವು.

ಶಾಲೆಯ ಕಟ್ಟಡ ಸಮಿತಿ ಸೇರಿತು. ಹಳೆಯ ಜಲ್ಲಿಯ ರಾಶಿಯನ್ನೆಲ್ಲ ಊರಾಚೆಯ ಗುಂಡಿಗೆ ಸುರಿದು ಹೊಸ ಜಲ್ಲಿ ತರಿಸುವುದೆಂದು ನಿರ್ಧಾರವಾಯಿತು. ಯಾರೋ, “ಇದು ಯಾರ ಐಡಿಯಾ?” ಎಂದರು. ನೀನು ಎದ್ದು ನಿಂತು, “ತಪ್ಪು ನನ್ನದು” ಎಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕನ್ನಡಕ ಒರೆಸುತ್ತ ಕುಳಿತಿದ್ದೆ.

ನೀನು ಹೋದ ಎರಡನೆಯ ದಿನ ನಿನ್ನ ನೋಟುಪುಸ್ತಕವನ್ನು ತೆರೆದೆ. ‘ಒಂದು ದಿನ ನೆನೆಸುವುದು’ ಎಂದು ನೀನು ದುಂಡಗೆ ಬರೆದು, ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಮೇಷ್ಟ್ರು ಒಣಗಿಸಲು ಹೇಳಿದ್ದಾರೆ. ಅವರಿಗೆ ಗೊತ್ತಿರುತ್ತದೆ’ ಎಂದು ಬರೆದಿದ್ದೆ. ಮಗೂ, ಆ ಕೊನೆಯ ವಾಕ್ಯವನ್ನು ನಾನು ಎರಡೆರಡು ಸಲ ಓದಿದೆ. ಸಭೆಯಲ್ಲಿ ಈ ಪುಟವನ್ನು ತೆರೆದು ತೋರಿಸಿದ್ದರೆ ನಿನ್ನ ಹೆಸರು ಉಳಿಯುತ್ತಿತ್ತು. ನೀನು ನನ್ನ ಹೆಸರನ್ನು ಉಳಿಸಿದೆ.

ಅಂದೇ ಮುಖ್ಯೋಪಾಧ್ಯಾಯಿನಿಯವರ ಬಳಿ ಹೋದೆ. ತಗಡಿನ ಶೆಡ್ಡಿನಲ್ಲಿ ಪಾಠ ನಡೆಯುತ್ತಿತ್ತು. ಹೊಸ್ತಿಲಾಚೆಯೇ ನಿಂತು ನೋಟುಪುಸ್ತಕ ತೋರಿಸಿ ಎಲ್ಲವನ್ನೂ ಹೇಳಿದೆ. ಅವರು ಓದಿ, “ಮೇಷ್ಟ್ರೇ, ತಪ್ಪು ಒಪ್ಕೊಂಡೋರನ್ನ ನಾವು ಹೊರಗೆ ನಿಲ್ಸಲ್ಲ. ಒಳಗೆ ಬನ್ನಿ” ಎಂದು ಮಕ್ಕಳ ಬೆಂಚಿನ ಮೇಲೆ ಕೂರಿಸಿದರು. ಇನ್ನೊಂದೇ ಒಂದು ಪರೀಕ್ಷೆಗೆ ಅವಕಾಶ ಬೇಡಿದೆ. ಸಮಿತಿಯವರನ್ನು ಅವರೇ ಒಪ್ಪಿಸಿದರು. ಹೊಸ ಕ್ಯೂಬುಗಳ ಇಪ್ಪತ್ತೆಂಟನೆಯ ದಿನದವರೆಗೆ ರಾಶಿಯನ್ನು ಯಾರೂ ಮುಟ್ಟುವಂತಿಲ್ಲ. ಆ ದಿನ ಲೆಕ್ಕ ಸರಿಬರದಿದ್ದರೆ ಮಧ್ಯಾಹ್ನವೇ ಲಾರಿ ಬರುತ್ತದೆ.

ನಿನ್ನ ಪುಟದಲ್ಲಿದ್ದಂತೆಯೇ ಮಾಡಿದೆ. ತೊಟ್ಟಿಗೆ ಜಲ್ಲಿ ಸುರಿದು ನೀರು ಬಿಟ್ಟೆ. ಆಗ ಕೇಳಿದ್ದನ್ನು ನಿನಗೆ ಹೇಳಲೆಂದೇ ಈ ಪತ್ರ ಇಷ್ಟು ಉದ್ದವಾಯಿತೇನೋ. ಪ್ರತಿ ಚೂರಿನ ಮೈಯಿಂದಲೂ ಸಣ್ಣ ಗುಳ್ಳೆಗಳು ಎದ್ದವು. ಒಂದರ ಹಿಂದೆ ಒಂದು, ಸಾವಿರಾರು. ಕಿವಿಯನ್ನು ನೀರಿನ ಹತ್ತಿರ ತಂದೆ. ಗಂಟೆ ಹೊಡೆಯುವ ಮುನ್ನ ತರಗತಿಯಲ್ಲಿ ಮಕ್ಕಳು ಪಿಸುಗುಡುತ್ತಾರಲ್ಲ, ಅಂಥದೇ ಸದ್ದು. ಅಷ್ಟು ವರ್ಷ ಆ ಗಾರೆಯ ಸಂದುಗಳಲ್ಲಿದ್ದ ಗಾಳಿ ಬಿಡುಗಡೆಯಾಗಿ ಮೇಲೇಳುತ್ತಿತ್ತು. ಬಿಸಿಲು ನೀರಿನ ಮೇಲೆ, ನೀರಿನ ನೆರಳು ಚಾವಣಿಯ ಮೇಲೆ. ಅರೆಕ್ಷಣ ನಾನು ಯಾವ ವಯಸ್ಸಿನವನೆಂಬುದೇ ಮರೆತುಹೋಯಿತು. ಮೋಡಗಳು ಹಾದುಹೋದ ಆ ತಾರಸಿಯೇ ನನ್ನ ಮುಂದೆ ಮಲಗಿ ನೀರು ಕುಡಿಯುತ್ತಿತ್ತು. ಕೆಡವಿದ್ದನ್ನು ನೆನೆದು ನಾನು ಅತ್ತದ್ದು ಆಗಲೇ, ಜರಡಿ. ಅತ್ತ ಮೇಲೆ ಮನಸ್ಸು ಹಗುರವಾಯಿತು.

ಮರುದಿನ ನೀರು ಬಸಿದು, ಹಳೆಯ ಗೋಣಿಬಟ್ಟೆಯ ಮೇಲೆ ಉರುಳಿಸಿ, ಮೈಯ ಹೊಳಪು ಮಾತ್ರ ಆರುವವರೆಗೆ ಕಾದು ಕಲಸಿದೆವು. ಬಾಂಡ್ಲಿ ಮಾವ ಪೈಪಿನ ಬಾಯಿಗೆ ಬಟ್ಟೆ ಸುತ್ತಿ ಗಂಟು ಹಾಕಿ, “ಈ ಸಲ ನನ್ನ ಕೈ ನಾನೇ ಕಟ್ಕೊಂಡಿದೀನಿ. ಆ ಹುಡುಗಿಗೆ ಹೇಳಿ” ಎಂದ. ಹೇಳಿದ್ದೇನೆ. ಒಂಬತ್ತು ಕ್ಯೂಬು ಹಾಕಿದೆವು. ಏಳನೆಯ ದಿನ ಮೂರನ್ನು ಒತ್ತಿದೆ. ಹಿಂದಿನ ಸಲದವು ಇಪ್ಪತ್ತೆಂಟನೆಯ ದಿನಕ್ಕೂ ಮುಟ್ಟದ ಅಂಕಿಯನ್ನು ಇವು ಏಳನೆಯ ದಿನವೇ ದಾಟಿದವು. ಆದರೂ ಏಳನೆಯ ದಿನದ ಅಂಕಿ ಭರವಸೆ ಮಾತ್ರ, ತೀರ್ಪಲ್ಲ. ಇದನ್ನು ನಿನಗೆ ಕಲಿಸಿದವನು ನಾನೇ.

ಬರುವ ಗುರುವಾರ ಇಪ್ಪತ್ತೆಂಟನೆಯ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಉಳಿದ ಆರನ್ನು ಯಂತ್ರಕ್ಕಿಡುತ್ತೇನೆ. ನೀನು ಬಾರದಿದ್ದರೂ ಇಡಲೇಬೇಕು, ದಿನ ಮೀರುವಂತಿಲ್ಲ. ಮುಖ್ಯೋಪಾಧ್ಯಾಯಿನಿಯವರೂ ಬರುತ್ತಾರೆ. ವರದಿಯಲ್ಲಿ ‘ವಿಧಾನ ರೂಪಿಸಿದವರು’ ಎಂಬಲ್ಲಿ ನಿನ್ನ ಹೆಸರನ್ನು ಈಗಾಗಲೇ ಬರೆದಾಗಿದೆ. ಅಂಕಿ ಏನೇ ಬರಲಿ, ಅದು ಅಳಿಯುವುದಿಲ್ಲ. ಗೋಡೆಯ ಸಾಲನ್ನು ಅಳಿಸಿದ್ದೇನೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ನನಗೆ ತೋಚಲಿಲ್ಲ. ಸುಣ್ಣ ಬಳಿದು ಬಿಟ್ಟಿದ್ದೇನೆ.

ನಿನ್ನ ರಾಜೀನಾಮೆಯನ್ನು ನಾನು ಮೇಲಕ್ಕೆ ಕಳಿಸಿಲ್ಲ. ಇದೋ, ನಿನ್ನ ಕೈಗೇ ಹಿಂದಿರುಗಿಸುತ್ತಿದ್ದೇನೆ. ಹೋಗಲೇಬೇಕೆಂದು ನಿನಗೆ ಅನ್ನಿಸಿದರೆ ತಡೆಯುವುದಿಲ್ಲ. ಇದೇ ಹಾಳೆಯನ್ನು ನಿರ್ದೇಶಕರಿಗೆ ಕೊಡು. ಎರಡೂ ಬದಿ ಓದಬೇಕೆಂದು ಮಾತ್ರ ಅವರಿಗೆ ಹೇಳು.

ನೀನು ಹಾಸಿದ ನೆಲದ ಮೇಲೆ ಮಕ್ಕಳು ಓಡಲಿ, ಬೀಳಲಿ, ಮಂಡಿ ಒರೆಸಿಕೊಂಡು ಮತ್ತೆ ಓಡಲಿ. ನಿನ್ನ ಕೈಗೆ ಆಯಾಸವಾಗದಿರಲಿ.

ನಿನ್ನಿಂದ ತಡವಾಗಿ ಪಾಠ ಕಲಿತ,
ನಿನ್ನ ಮೇಷ್ಟ್ರು