ಪ್ರೋಕಾನ ನಲ್ಲಿ

ಅಕ್ಟೋಬರ್ 14, ಸೋಮವಾರ. ಬೆಲ್‌ಗ್ರೇಡ್

…ಆ ಬಕೆಟ್ಟನ್ನಾದರೂ ಬಿಡಬಹುದಿತ್ತು. ಹೀಗೇನೋ ಅಂದರು ಅತ್ತಿಗೆ ಸ್ತಮೆಂಕಾ, ಫೋನಿನಲ್ಲಿ. ನಾನು ಬರೆಯುವ ಟಿವಿ ಧಾರಾವಾಹಿಯ ನಿನ್ನೆಯ ಕಂತು ಮುಗಿದ ಹತ್ತೇ ನಿಮಿಷಕ್ಕೆ. ಬೈಯಲಿಲ್ಲ. ಅದೇ ಕಷ್ಟ.

ಬೆಳಿಗ್ಗೆ ಬ್ರೆಡ್ಡಿಗೆ ಹೋದೆ. ಅಂಗಡಿಯ ದೆಸಾಂಕಾ ಹೊರಗೇ ಬಂದಳು.

"ಅಯ್ಯೋ ಮಿಲೊಯೆಯವರೇ, ನಿಮ್ಮ ಪ್ರೋಕಾ ನಾಯಿಗೆ ಎಡವಿ ಬಕೆಟ್ ಸಮೇತ ಬಿದ್ದನಲ್ಲ, ನಮ್ಮೆಜಮಾನ್ರಿಗೆ ತಿನ್ತಿದ್ದ ಬುರೆಕ್ ಗಂಟಲಲ್ಲೇ ಸಿಕ್ಕಿಕೊಳ್ತು! ಇಂಥ ಪೆದ್ದ ಅಧ್ಯಕ್ಷ ಎಲ್ಲಿ ಸಿಕ್ಕಿದ ನಿಮಗೆ?"

"ಕಲ್ಪನೆ."

"ಸುಮ್ನಿರಿ. ಇಂಥದ್ದೆಲ್ಲ ಕೂತಲ್ಲಿ ಹೊಳೆಯಲ್ಲ."

ಅಕ್ಟೋಬರ್ 15

ಪ್ರೋಕಾ ಅಣ್ಣನಲ್ಲ. ನಲ್ಲಿ ಮಾತ್ರ ಅಣ್ಣನದು. ಊರಿನ ಪುರಸಭೆ ಅಧ್ಯಕ್ಷನಾಗಿದ್ದಾಗ ಅಣ್ಣ ರಾದಿಶಾ, ಚೌಕದಲ್ಲಿ ಕುಡಿಯುವ ನೀರಿನ ನಲ್ಲಿ ಉದ್ಘಾಟಿಸಿದ. ಬ್ಯಾಂಡು, ರಿಬ್ಬನ್ನು, ಪಾದ್ರಿ. ತಿರುಗಿಸಿದ. ನೀರಿಲ್ಲ.

ಅಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು — ಪೈಪು ಸರಿಯಾಗುವವರೆಗೆ ಹನ್ನೊಂದು ದಿನ, ಜನ ಏಳುವ ಮೊದಲು, ಮನೆಯ ಬಾವಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಅಲ್ಲಿನ ಕಲ್ಲುತೊಟ್ಟಿ ತುಂಬಿದ್ದ. ಮುದುಕಿಯರು ಬರಿಗೈಲಿ ಹೋಗಬಾರದೆಂದು. ಅಪ್ಪ ಸತ್ತ ವರ್ಷ, ಪ್ಲಮ್ ಬ್ರಾಂದಿ ಕುಡಿಯುತ್ತ, ಹೇಳಿದ. "ಯಾರಿಗೂ ಹೇಳಬೇಡ ಕಣೋ. ಮಾನ ಹೋಗುತ್ತೆ."

ನಾನು ಸೇರಿಸಿದ್ದು ನಾಯಿ ಒಂದೇ.

ಅಕ್ಟೋಬರ್ 27, ಭಾನುವಾರ

ಇಲ್ಲಿ ಏನೂ ಬರೆಯಲಿಲ್ಲ. ಎರಡು ಕಂತು ಬರೆದೆ.

ಬರುವ ಗುರುವಾರ ಸ್ಲಾವಾ, ನಮ್ಮ ಮನೆತನದ ಸಂತ ಲೂಕನ ದಿನ. ಅಪ್ಪನ ನಂತರ ಅಣ್ಣನ ಮನೆಯಲ್ಲಿ. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುವವರು ಬರುತ್ತಾರೆ. ಗೊತ್ತಿದ್ದೂ ಫೋನ್ ನೋಡುತ್ತಿದ್ದೇನೆ. ಕರೆಯದಿರುವುದು ಕೋಪವೋ, ಪದ್ಧತಿಯೋ…

ಕೊನೆಗೆ ನಾನೇ ಫೋನ್ ಮಾಡಿದೆ.

"ಅತ್ತಿಗೆ, ಅಣ್ಣ ಇದ್ದಾನಾ?"

"ಇನ್ನೆಲ್ಲಿ ಹೋಗ್ತಾರೆ? ಕಾಫಿಗೂ ಹೊರಗೆ ಕಾಲಿಡಲ್ಲ. ಚೌಕದ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

"ಸ್ವಲ್ಪ ಕೊಡ್ತೀರಾ?"

ಆಚೆ ಕೆಮ್ಮು. ಅವನದೇ.

"ಕೈ ಬಿಡುವಿಲ್ಲವಂತೆ." ಆಮೇಲೆ ಸಣ್ಣ ದನಿಯಲ್ಲಿ, "ಹಬ್ಬದ ಗೋಧಿ ಪ್ರತಿವರ್ಷದಷ್ಟೇ ಬೇಯಿಸ್ತೀನಪ್ಪ. ಒಂದು ಹಿಡಿಯೂ ಕಮ್ಮಿ ಮಾಡಲ್ಲ."

ಅಕ್ಟೋಬರ್ 31, ಗುರುವಾರ, ಮಧ್ಯಾಹ್ನ. ಬಸ್ ನಿಲ್ದಾಣ — ನಮ್ಮೂರಿನದಲ್ಲ

ಬೆಳಗಿನ ಬಸ್ಸು ಹತ್ತಿದ್ದೆ. ತೊಡೆಯ ಮೇಲೆ ವೈನ್ ಬಾಟಲಿ. ಹೇಳಬೇಕಾದ ಮಾತನ್ನು ನಾಲ್ಕು ಸಲ ತಿದ್ದಿದೆ, ಸಂಭಾಷಣೆ ತಿದ್ದುವ ಹಾಗೆ. ನಮ್ಮ ಚೌಕ ಬಂತು. ಡ್ರೈವರ್ ಕೂಗಿದ:

"ಪ್ರೋಕಾನ ನಲ್ಲಿ! ಇಳಿಯೋರು ಇಳೀರಪ್ಪ, ಬಕೆಟ್ ಮರೀಬೇಡಿ!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ — ಅಭ್ಯಾಸಬಲ. ಒಳ್ಳೆಯ ಟೈಮಿಂಗ್. ಕಿಟಕಿಯಾಚೆ ನಲ್ಲಿಯಲ್ಲಿ ನೀರು ಧಾರಾಳವಾಗಿ ಸುರಿಯುತ್ತಿತ್ತು. ಯಾರೋ ಅದಕ್ಕೆ ಕೆಂಪು ಬಕೆಟ್ಟೊಂದನ್ನು ತೂಗುಹಾಕಿದ್ದರು. ಅಣ್ಣನ ಮನೆ ಅಲ್ಲಿಂದ ಐದು ನಿಮಿಷ. ಏಳಲಿಲ್ಲ. ಬಾಗಿಲು ಮುಚ್ಚಿತು.

ಮುಂದಿನ ಊರಿನಲ್ಲಿ ಇಳಿದೆ. ವಾಪಸು ಬಸ್ಸು ಮೂರೂವರೆಗೆ.

ಹನ್ನೆರಡಾಯಿತು. ಮೇಣದಬತ್ತಿ ಹಚ್ಚಿರುತ್ತಾರೆ. ಹಬ್ಬದ ರೊಟ್ಟಿಯನ್ನು ಒಬ್ಬನೇ ಮುರಿಯುವಂತಿಲ್ಲ. ಇಬ್ಬರು ಹಿಡಿದು, ತಿರುಗಿಸಿ, ಮುರಿಯಬೇಕು. ಅಪ್ಪ ಹೋದಂದಿನಿಂದ ಒಂದು ಬದಿ ಅವನದು, ಒಂದು ನನ್ನದು.

ಅಣ್ಣಾ, ಇವತ್ತು ಆಚೆ ಬದಿ ಯಾರು ಹಿಡಿದರು?