ನಾನು ಹೊರದ ಆರತಿ

ಬಾಗಲಗುಂಟೆ
ಮಾರ್ಚ್ ೨೮, ಶನಿವಾರ

ನನ್ನ ಮುದ್ದು ಅಮ್ಮಾ,

ಮೊದಲು ಕೂತುಕೋ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬಂದು ಕೂತುಕೋ. ಅಮ್ಮಾ, ನೀನು ಅಜ್ಜಿ ಆಗುತ್ತಿದ್ದೀಯ!

ಬರೆದ ಮೇಲೆ ಈ ಸಾಲನ್ನು ನಾನೇ ನಾಲ್ಕು ಸಲ ಓದಿದೆ. ಇಂಗ್ಲಿಷಿನಲ್ಲಿ ಯೋಚಿಸಿದಾಗ ಇದು ಬರೀ ಒಂದು ಸುದ್ದಿಯಾಗಿತ್ತು. ನಿನಗಾಗಿ ಕನ್ನಡದಲ್ಲಿ ಬರೆದ ಕೂಡಲೇ ಮೈ ಜುಮ್ಮೆಂದಿತು.

ಫೋನ್ ಮಾಡಲಿಲ್ಲ ಎಂದು ಬೈಯಬೇಡ. ನಿನಗೊಬ್ಬಳಿಗೇ ಒಪ್ಪಿಸಬೇಕಾದ ಒಂದು ತಪ್ಪಿದೆ. ಈ ಮನೆಯಲ್ಲಿ ಪಿಸುಗುಟ್ಟಿದರೂ ಪಕ್ಕದ ಕೋಣೆಗೆ ಕೇಳುತ್ತದೆ. ನಿನ್ನ ಅಳಿಯ ಮಹೇಂದ್ರ ನಿಮ್ಮ ಗಂಗಾನಗರದ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಅವನು ಓದದಿರಲಿ ಎಂದು ಕವರಿಗೆ ಐದು ಸ್ಟೇಪ್ಲರ್ ಪಿನ್ ಹೊಡೆಯುತ್ತೇನೆ, ಬೆರಳು ಜೋಪಾನ.

ಹದಿನೈದು ದಿನದ ಹಿಂದೆ ಇಲ್ಲಿ ಊರಮ್ಮನಿಗೆ ಆರತಿ ಇತ್ತು. ನಮ್ಮ ಮನೆಯಲ್ಲಿ ಆರತಿ ಅಂದರೆ ಕೈಯಲ್ಲಿ, ಇವರಲ್ಲಿ ತಲೆಯ ಮೇಲೆ! ತಂಬಿಟ್ಟಿನ ಉಂಡೆಯಲ್ಲಿ ಗುಳಿ ಮಾಡಿ, ತುಪ್ಪ ಹಾಕಿ, ಬತ್ತಿ ಹಚ್ಚಿ, ಹೂವಿನ ತಟ್ಟೆಯಲ್ಲಿಟ್ಟು ಹೊಸ ಸೊಸೆ ಬರಿಗಾಲಲ್ಲಿ ಗುಡಿಯವರೆಗೆ ಹೊರಬೇಕು. ನನಗೋ ಆ ವಾರವೆಲ್ಲ ಏನೋ ಆಗಿತ್ತು. ಮಹೇಂದ್ರನ ಸ್ಕೂಟರಿನ ಹಿಂದೆ ಕೂತೇ ನಿದ್ದೆ ಹೋಗುತ್ತಿದ್ದೆ. ಸಾಸಿವೆ ಸಿಡಿದರೆ ಹೊಟ್ಟೆ ತೊಳೆಸುತ್ತಿತ್ತು. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವ ನಿನ್ನ ಮಗಳು ಯಾರಿಗೂ ಕಾಣದಂತೆ ಕಾಫಿಯನ್ನು ಸಿಂಕಿಗೆ ಸುರಿಯುತ್ತಿದ್ದಳು! ಆಫೀಸಿನ ದಣಿವು ಅಂದುಕೊಂಡೆ. ತಿಂಗಳದ್ದು ಎರಡು ಮೂರು ದಿನ ತಡವಾಗುವುದು ನನಗೇನೂ ಹೊಸದಲ್ಲವಲ್ಲ.

ಆರತಿಯ ಬೆಳಿಗ್ಗೆ ತಲೆ ಸುತ್ತಿತು. ಊರೆಲ್ಲ ನೋಡುತ್ತಿರುವಾಗ ತಟ್ಟೆ ಬೀಳಿಸಿಬಿಟ್ಟರೆ? ಹೆದರಿ ಅತ್ತೆಗೆ, "ನಾನು ಹೊರಗಾಗಿದೀನಿ" ಎಂದುಬಿಟ್ಟೆ. ಮುಟ್ಟಾದವರು ಆರತಿ ಹೊರುವಂತಿಲ್ಲವಲ್ಲ, ಅದಕ್ಕೆ. ಶುದ್ಧ ಸುಳ್ಳು, ಅಮ್ಮಾ.

ಅತ್ತೆ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಆಗ್ಲಿ ಬುಡವ್ವ, ಓಗಿ ಮನೀಕೋ. ನಿನ್ ಪಾಲಿಂದೂ ನಾನೇ ಒತ್ಕತೀನಿ" ಎಂದರು. ಮಂಡಿನೋವಿನ ಹೆಂಗಸು! ನಾನು ಮಹಡಿಯ ಮೇಲೆ ನಿಂತು ನೋಡಿದೆ. ತಟ್ಟೆಯಲ್ಲಿ ಅವರದೊಂದು, ನನ್ನದೊಂದು ದೀಪ. ಕೈ ಬಿಟ್ಟು, ಕತ್ತು ಅಲುಗಿಸದೆ, ತಮಟೆಯ ಹಿಂದೆ ನಡೆದುಹೋದರು.

ಮೊನ್ನೆ ಪರೀಕ್ಷೆ ಮಾಡಿದರೆ ಎರಡು ಗೆರೆ. ಮಹೇಂದ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಲೇ, ಇದು ಕೋವಿಡ್ ಕಿಟ್ ಅಲ್ಲ ತಾನೇ?" ಎಂದ. ಆಮೇಲೆ ಬಚ್ಚಲ ಬಾಗಿಲಲ್ಲೇ ಕೂತು ಅತ್ತ. ನನಗೆ ಮಾತ್ರ ಸಂತೋಷದ ಬೆನ್ನಿಗೇ ದಿಗಿಲು. ಈ ಮನೆಯವರ ಪ್ರಕಾರ ನಾನು ಮುಟ್ಟಾಗಿ ಹದಿಮೂರೇ ದಿನ! ಹದಿಮೂರು ದಿನಕ್ಕೆ ಯಾರಿಗೆ ಎರಡು ಗೆರೆ ಬರುತ್ತದೆ?

ನಿನ್ನೆ ಡಾಕ್ಟರ ಮುಂದೆ ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಕಡೆಯ ಸಲ ಮುಟ್ಟಾದದ್ದು ಯಾವತ್ತು ಎಂದು ಡಾಕ್ಟರು ಕೇಳಿದರು. ನಿಜದ ದಿನ ಹೇಳಲೋ, ಸುಳ್ಳಿನದೋ? ಅತ್ತೆ ಸೆರಗು ಸರಿ ಮಾಡಿಕೊಂಡು ಹೇಳಿದರು: "ಶಿವರಾತ್ರಿಗೆ ಐದ್ ದಿನ ಮುಂಚೆ, ಮಂಗಳವಾರ. ಅಬ್ಬಕ್ಕೆ ಸರ್ಯಾಗಿ ತಲೆಗೆ ನೀರಾಕ್ಕೊಂಡ್ಲು. ಬರ್ಕಳಿ."

ಅದೇ ನಿಜವಾದ ದಿನ, ಅಮ್ಮಾ!

ಆಮೇಲೆ ಸ್ಕ್ಯಾನ್. ಕಪ್ಪು ಪರದೆಯಲ್ಲಿ ಹೆಸರುಕಾಳಿನಷ್ಟು ಏನೋ, ಅದರೊಳಗೆ ಮಿಣಮಿಣ. ಅದೇ ಎದೆಬಡಿತ ಎಂದರು. ನಾನು ಸ್ಕೂಟರಿನ ಮೇಲೆ ತೂಕಡಿಸುತ್ತಿದ್ದಾಗ, ಕಾಫಿ ಚೆಲ್ಲುತ್ತಿದ್ದಾಗ, ಅದು ಒಳಗೆ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತ್ತು. ಯಾರನ್ನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ!

ಆಟೋದಲ್ಲಿ ಮೆಲ್ಲಗೆ, "ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?" ಎಂದೆ.

"ಮನೆ ಕಸ ದಿನಾ ಆಚೆಗಾಕೋಳು ನಾನಲ್ವಾ? ಮುಟ್ಟಾದೋಳ್ ಮನೆ ಕಸ ಇಂಗಿರಲ್ಲ ಕಣವ್ವ. ಕಾಫಿ ಸಿಂಕ್‌ಗುಯ್ತಿದ್ದಿದ್ದೂ ನೋಡಿವ್ನಿ."

"ಮತ್ತೆ ಯಾಕೆ ಸುಮ್ನಿದ್ರಿ?"

"ನೀನೇ ಏಳ್ಲಿ ಅಂತ."

ಅಷ್ಟೇ. ಆಮೇಲೆ ದಾರಿಯುದ್ದಕ್ಕೂ, ಗುಂಡಿ ಬಂದಾಗಲೆಲ್ಲ ನನ್ನ ಹೊಟ್ಟೆಯ ಮುಂದೆ ಕೈ ಅಡ್ಡ ಹಿಡಿದರು.

ಅವರನ್ನು ಕೇಳಲಾರದ್ದನ್ನು ನಿನ್ನನ್ನು ಕೇಳುತ್ತೇನೆ. ನಗಬೇಡ. ದೇವಿಯ ದಿನ, ಇಲ್ಲದ ರಕ್ತವನ್ನು ಇದೆ ಅಂದೆನಲ್ಲ. ಆಯಿತು, ನಿನ್ನ ಮಾತೇ ನಿಜವಾಗಲಿ ಎಂದು ಅವಳು ಅಂದುಬಿಟ್ಟರೆ? ಇಷ್ಟು ಓದಿಯೂ, ಬಚ್ಚಲಿಗೆ ಹೋದಾಗಲೆಲ್ಲ ಕಣ್ಣು ಮುಚ್ಚಿಕೊಂಡು ಬೇಡಿಕೊಳ್ಳುತ್ತೇನೆ. ಆ ಹೆಸರುಕಾಳಿಗೆ ನನ್ನ ಸುಳ್ಳು ತಗುಲದಿರಲಿ. ನನ್ನ ಪರವಾಗಿ ದೇವಿಗೆ ನೀನೊಂದು ತಪ್ಪುಕಾಣಿಕೆಯ ಕಾಸು ತೆಗೆದಿಡುತ್ತೀಯಾ?

ಹೆದರಿದರೂ ಕುಣಿಯುತ್ತಿರುವ,
ನಿನ್ನ ಚಿತ್ರಾ

ಮರೆತ ಮಾತು: ಐದೂ ಪಿನ್ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಕಾಸು ಬೇಡಮ್ಮಾ. ಈಗಷ್ಟೇ ಮಹೇಂದ್ರನ ಫೋನಿನಲ್ಲಿ ಆ ದಿನದ ಫೋಟೋ ನೋಡಿದೆ. ಅತ್ತೆಯ ತಲೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಎರಡು ದೀಪ. ದೊಡ್ಡದು ಮಾಡಿ ನೋಡಿದೆ. ಎರಡರ ನಡುವೆ, ಹೂವಿನ ಮರೆಯಲ್ಲಿ, ನೆಲ್ಲಿಕಾಯಿ ಗಾತ್ರದ ಇನ್ನೊಂದು ತಂಬಿಟ್ಟು. ಅದಕ್ಕೂ ಬತ್ತಿ ಇದೆ. ಉರಿಯುತ್ತಿದೆ.